ಏಳು ಸಲ ಇಳಿಯುವ ದಾರಿ

ಗುಂಡ್ಲುಪೇಟೆಯಿಂದ ಚಾಮರಾಜನಗರ ಎಷ್ಟು ದೂರ ಅಂತ ಯಾರನ್ನಾದರೂ ಕೇಳಿ, ಕಿಲೋಮೀಟರಿನಲ್ಲಿ ಹೇಳುತ್ತಾರೆ. ಅವಸರದವರಾದರೆ ಗಂಟೆಯಲ್ಲಿ ಹೇಳುತ್ತಾರೆ. ನಮ್ಮ ಸೋದರತ್ತೆ ಮಾತ್ರ "ಏಳು ಇಳಿಯಾದು" ಅನ್ನುತ್ತಿದ್ದಳು! ಆ ದಾರಿಯಲ್ಲಿ ದೊಡ್ಡದು ಚಿಕ್ಕದು ಎಲ್ಲ ಸೇರಿ ಏಳು ಸೇತುವೆಗಳಿವೆ ಅನ್ನುವುದು ಅವಳ ಲೆಕ್ಕ. ಅದರಲ್ಲಿ ಎರಡನ್ನು ಸೇತುವೆ ಅನ್ನುವುದಕ್ಕಿಂತ ಮೋರಿ ಅಂದರೇ ಸರಿ. ಇರಲಿ. ಏಳು ಕಡೆಯೂ ಬಸ್ಸು ಈ ತುದಿಯಲ್ಲಿ ನಿಲ್ಲಬೇಕು, ಅತ್ತೆ ಇಳಿಯಬೇಕು, ಬಸ್ಸು ಆಚೆ ದಡಕ್ಕೆ ಹೋಗಿ ಕಾಯಬೇಕು, ಅತ್ತೆ ಸೆರಗು ಸರಿಮಾಡಿಕೊಂಡು ನಿಧಾನವಾಗಿ ನಡೆದು ಬಂದು ಹತ್ತಬೇಕು. ಆ ಮೇಲೆ ಪ್ರಯಾಣ ಮುಂದಕ್ಕೆ.

ಹೆದರಿಕೆ ಇರಬೇಕು ಅಂದುಕೊಂಡಿರಾ? ಹೊಸ ಕಂಡಕ್ಟರುಗಳೂ ಹಾಗೇ ಅಂದುಕೊಳ್ಳುತ್ತಿದ್ದರು. ಹೆದರಿಕೆಯಲ್ಲ ಸ್ವಾಮಿ, ಮರ್ಯಾದೆ!

ಇದರ ಮೂಲ ಎತ್ತಿನ ಗಾಡಿಯಲ್ಲಿದೆ. ನಮ್ಮ ಊರು ಭೀಮನಬೀಡು. ಅತ್ತೆ ಚಿಕ್ಕವಳಾಗಿದ್ದಾಗ ಮನೆಯಲ್ಲಿ ಗಾಡಿಯಿತ್ತು. ಏರು ಬಂದರೆ ಗಾಡಿಯಲ್ಲಿದ್ದವರು ಕೆಳಗಿಳಿದು ನಡೆಯುವುದು ನಮ್ಮ ಕಡೆಯ ಪದ್ಧತಿ. ಎಳೆ ಕೂಸು, ಬಸುರಿ, ಹಾಸಿಗೆ ಹಿಡಿದವರು, ಇಷ್ಟೇ ಜನಕ್ಕೆ ವಿನಾಯಿತಿ. ಮಿಕ್ಕವರು ಮದುಮಗನಾದರೂ ಸರಿ, ಇಳಿಯಲೇಬೇಕು. ಎತ್ತು ಏದುಸಿರು ಬಿಡುವಾಗ ಮೇಲೆ ಕೂತು ಎಲೆಯಡಿಕೆ ಮೆಲ್ಲುವವನನ್ನು ನಮ್ಮಜ್ಜ ಮನುಷ್ಯ ಅಂತಲೇ ಒಪ್ಪುತ್ತಿರಲಿಲ್ಲವಂತೆ. ಆಮೇಲೆ ಗಾಡಿ ಹೋಯಿತು, ಎತ್ತುಗಳೂ ಹೋದವು, ಬಸ್ಸು ಬಂತು. ಅಭ್ಯಾಸ ಮಾತ್ರ ಅತ್ತೆಯ ಕಾಲಿನಲ್ಲೇ ಉಳಿಯಿತು. ಬಸ್ಸಿಗೆ ಏರು ಒಂದು ಲೆಕ್ಕವೇ ಅಲ್ಲ ಅಂತ ಅವಳಿಗೂ ಗೊತ್ತು. ಹಾಗಾದರೆ ಈಗ ಯಾರಿಗಾಗಿ ಇಳಿಯಬೇಕು? ಯೋಚನೆ ಮಾಡಿ ಮಾಡಿ ಸೇತುವೆಯನ್ನು ಹಿಡಿದಳು.

"ಎಂಜಿನ್ನು ಕಬ್ಣದ್ದು, ಅದ್ಕೇನಾದದು? ಸೇತುವೆ ನೋಡು, ಪಾಪ, ಅಗಲೂ ರಾತ್ರಿ ಬೆನ್ನು ಕೊಟ್ಕಂಡು ಬಗ್ಗಿ ನಿಂತದೆ. ನಡೆಯಾಕೆ ಕಾಲಿರೋ ನಾವು ಅದ್ರ ಮೇಲೆ ಕೂತ್ಕಂಡು ಓಗದಾ?"

ಒಬ್ಬ ಕಂಡಕ್ಟರು ತಿಳಿಹೇಳಲು ನೋಡಿದ. "ಅಮ್ಮಾ, ಬಸ್ನಲ್ಲಿ ಅರವತ್ತು ಜನ ಅವ್ರೆ. ನೀವೊಬ್ರು ಇಳಿದ್ರೆ ಸೇತುವೆಗೆ ಏನ್ ಕಮ್ಮಿ ಆದದು?"

"ಅರವತ್ತು ಜನಾನೂ ಇಂಗೇ ಅಂದ್ಕಂಡೇ ಕೂತವ್ರೆ ಕಣಪ್ಪ!"

ಅವನು ಸೀಟಿ ಊದಿದ. ಮರುವಾರದಿಂದ ಸೇತುವೆ ಬಂದರೆ ತಾನೇ "ಅಮ್ಮಾವ್ರೇ, ಬಂತು" ಅಂತ ಕೂಗತೊಡಗಿದ.

ಇದನ್ನೆಲ್ಲ ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗ ನನಗೆ ನಗು ಬರುತ್ತಿರಲಿಲ್ಲ. ಗಂಡ ತೀರಿಹೋದ ಮೇಲೆ ಅತ್ತೆ ತವರಿಗೆ ಬಂದು ನಿಂತವಳು. ಅಪ್ಪ ಅಮ್ಮ ಚೆಂಡುಹೂವಿನ ಹೊಲದಲ್ಲಿರುತ್ತಿದ್ದರು, ನನ್ನನ್ನು ಸಾಕಿದವಳು ಅವಳೇ. ಆದ್ದರಿಂದ ಅವಳ ಜೊತೆ ಬಸ್ಸು ಹತ್ತುವ ಪಾಡೂ ನನ್ನದೇ, ಇಳಿಯುವ ಪಾಡೂ ನನ್ನದೇ. ಹೈಸ್ಕೂಲಿನ ಗೆಳತಿಯರು ಬಸ್ಸಿನ ಕಿಟಕಿಯಲ್ಲಿ ತಲೆ ಹಾಕಿ ಕಿಸಕ್ಕೆಂದು ನಗುತ್ತಿದ್ದರೆ ನಾನು ಸೇತುವೆಯ ಮೇಲೆ ತಲೆ ತಗ್ಗಿಸಿ ನಡೆಯುತ್ತಿದ್ದೆ. ಅತ್ತೆ ಮಾತ್ರ ತೇರಿನ ಮುಂದೆ ನಡೆಯುವವಳ ಹಾಗೆ ನಡೆಯುತ್ತಿದ್ದಳು.

ಆರನೇ ತರಗತಿಯಲ್ಲಿದ್ದಾಗ ಒಂದು ದಿನ ಜಗಲಿಯ ಮೇಲೆ ಪಾಠ ಓದುತ್ತಿದ್ದೆ. ಪುಸ್ತಕದಲ್ಲಿ ಕಲ್ಕತ್ತದ ಹೌರಾ ಸೇತುವೆಯ ಚಿತ್ರವಿತ್ತು. ನಟ್ಟು ಬೋಲ್ಟು ಇಲ್ಲದ ಸೇತುವೆ, ನದಿಯ ನಡುವೆ ಒಂದೂ ಕಂಬವಿಲ್ಲ ಅಂತ ಜೋರಾಗಿ ಓದಿದೆ. ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಕಾಲೇ ಇಲ್ವಾ?"

"ಇಲ್ವಂತೆ ಅತ್ತೆ."

"ಕಾಲಿಲ್ದೆ ಅಷ್ಟೊಂದು ಜನಾವ ಒರ್ತದಾ!" ಅವಳು ಮೊರ ಪಕ್ಕಕ್ಕಿಟ್ಟು ಚಿತ್ರದ ಮೇಲೆ ಕೈಯಾಡಿಸಿದಳು. "ನೀನು ಕೆಲ್ಸಕ್ ಸೇರ್ದಾಗ ನನ್ನ ಒಂದ್ಸಲ ಕರ್ಕಂಡೋಗು ಕಣಮ್ಮಿ. ಇಬ್ರೂ ಇಳ್ದು ನಡ್ಕಂಡ್ ದಾಟನ."

"ಹೂಂ" ಅಂದೆ. ಆರನೇ ತರಗತಿಯ ಹುಡುಗಿಗೆ ಹೂಂ ಅನ್ನಲು ಏನು ಕಷ್ಟ?

ನಾನು ಬ್ಯಾಂಕಿಗೆ ಸೇರಿದೆ, ಚಾಮರಾಜನಗರದಲ್ಲಿ ಮನೆ ಮಾಡಿದೆ, ಅತ್ತೆಯನ್ನೂ ಕರೆತಂದೆ. ವರ್ಷಗಳು ಉರುಳಿದವು. ಒಂದು ದಿನ ಮೇಲಿನಿಂದ ಕಾಗದ ಬಂತು: ಸೋಮವಾರದಿಂದ ಶನಿವಾರದವರೆಗೆ ತರಬೇತಿ, ಕಲ್ಕತ್ತದಲ್ಲಿ. ಮನೆಗೆ ಬಂದು ಫೋನಿನಲ್ಲಿ ಯಾರಿಗೋ ಇದನ್ನು ಹೇಳುತ್ತಿದ್ದೆ. ಅಡುಗೆಮನೆಯಿಂದ ಮುದ್ದೆಕೋಲು ಹಿಡಿದೇ ಅತ್ತೆ ಹೊರಗೆ ಬಂದಳು.

"ಅಲ್ಲೇ ಅಲ್ವಾ, ಕಾಲಿಲ್ಲದ್ದು ಇರಾದು?"

ನನಗೆ ಮರೆತೇಹೋಗಿತ್ತು. ಅವಳಿಗೆ ಮರೆತಿರಲಿಲ್ಲ. ಸರಿ, ಬ್ಯಾಂಕಿನವರು ಕೊಡುವ ಹಾಸ್ಟೆಲು ಬೇಡವೆಂದು ಮೊಬೈಲಿನಲ್ಲಿ ಹುಡುಕಿ ಸೇತುವೆಯ ಹತ್ತಿರವೇ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ವಾರದ ಮಟ್ಟಿಗೆ ಮನೆ ಹಿಡಿದೆ. ಕಿಟಕಿ ತೆರೆದರೆ ಸೇತುವೆ ಕಾಣುತ್ತದೆ ಅಂತ ಅದರಲ್ಲಿ ಬರೆದಿತ್ತು. ಈ ಒಂದು ಕೆಲಸವನ್ನು ನಾನು ಸರಿಯಾಗಿ ಮಾಡಿದೆ. ಅದಾದ ಮೇಲೆ ಮಾಡಿದ್ದು ಯಾವುದೂ ಸರಿಯಿಲ್ಲ.

ಬೆಂಗಳೂರಿನಿಂದ ವಿಮಾನದಲ್ಲಿ ಹೋದೆವು. ಗಗನಸಖಿ ಬೆಲ್ಟು ಬಿಗಿದುಹೋದಾಗಿನಿಂದ ಅತ್ತೆ ಮಾತಿಲ್ಲ ಕತೆಯಿಲ್ಲ, ಸೀಟಿನ ಎರಡೂ ಕಡೆಯ ಕೈಹಿಡಿ ಒತ್ತಿ ಹಿಡಿದು ಬಿಗಿಯಾಗಿ ಕೂತಿದ್ದಳು. ಭಯಪಟ್ಟಿದ್ದಾಳೆ ಅಂತ ನಾನೂ ಸುಮ್ಮನಿದ್ದೆ. ಕೆಳಗಿಳಿದ ಮೇಲೆ ನೋಡಿದರೆ ಎರಡೂ ತೋಳು ನೋವಿನಿಂದ ಮೇಲಕ್ಕೇಳುತ್ತಿಲ್ಲ!

"ಏನಾಯ್ತತ್ತೆ?"

"ಇದ್ಕೂ ಕಾಲಿಲ್ವಲ್ಲ ಕಣಮ್ಮಿ. ಇಳಿಯಾಕೂ ಜಾಗಿಲ್ಲ. ಪೂರ್ತಿ ಕೂತ್ಕಳಾಕೆ ಮನಸ್ಸು ಬರ್ನಿಲ್ಲ. ಅರ್ಧ ನಾನೇ ಎತ್ತಿ ಇಡ್ಕಂಡಿದ್ದೆ."

ಎರಡೂವರೆ ಗಂಟೆ ಅವಳು ಆಕಾಶದಲ್ಲಿ ತನ್ನನ್ನು ತಾನೇ ಎತ್ತಿ ಹಿಡಿದಿದ್ದಳು! ವಾಪಸು ಬರುವಾಗ ಇದು ಆಗದ ಮಾತು ಅಂತ ಅಲ್ಲೇ ನಿಂತು ರೈಲಿಗೆ ಟಿಕೆಟ್ ಮಾಡಿದೆ.

ಮನೆ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟಿಗೆ ಕಬ್ಬಿಣದ ಮಡಚುವ ಬಾಗಿಲು. ಅತ್ತೆ ಅದರೊಳಗೆ ಇಣುಕಿ, ಮೇಲಿನಿಂದ ಇಳಿಬಿಟ್ಟ ಹಗ್ಗ ನೋಡಿ, ಮೆಟ್ಟಿಲು ಹಿಡಿದಳು. ನಾನು ಲಿಫ್ಟಿನಲ್ಲಿ ಹೋಗಿ ಬೀಗ ತೆಗೆದು, ಮುಖ ತೊಳೆದು, ಫ್ಯಾನು ಹಾಕಿ ಕೂತ ಮೇಲೆ ಮೂರನೇ ಮಹಡಿಯಿಂದ ಅವಳ ಏದುಸಿರು ಕೇಳಿಸಿತು. ಮಂಡಿ ಆಗಲೇ ತೊಂದರೆ ಕೊಡುತ್ತಿತ್ತು. ಒಳಗೆ ಬಂದವಳು ನೀರು ಕೂಡ ಕೇಳದೆ ಸೀದಾ ಕಿಟಕಿಗೆ ಹೋದಳು.

ಸೇತುವೆ ಕಾಣಿಸಿತು. ಪುಸ್ತಕದ ಚಿತ್ರಕ್ಕಿಂತ ಎಷ್ಟೋ ದೊಡ್ಡದು. ಬಸ್ಸು, ಹಳದಿ ಟ್ಯಾಕ್ಸಿ, ತಲೆಯ ಮೇಲೆ ಬುಟ್ಟಿ ಹೊತ್ತ ಗಂಡಸರು, ಎಲ್ಲರೂ ಒಟ್ಟಿಗೆ ಅದರ ಮೇಲೆ ಹರಿಯುತ್ತಿದ್ದರು. ಕೆಳಗೆ ನದಿ, ನಡುವೆ ಒಂದೂ ಕಂಬವಿಲ್ಲ. ಅತ್ತೆ ಎರಡೂ ಕೈ ಜೋಡಿಸಿದಳು.

"ಇವತ್ತೇ ಓಗನವಾ?"

"ಸುಸ್ತಾಗಿದೆ ಅತ್ತೆ. ಇಡೀ ವಾರ ಇದೆಯಲ್ಲ."

"ಭಾನ್ವಾರ ಅಲ್ವಾ, ಅದ್ಕೂ ಇವತ್ತು ವಸಿ ಬುಡುವು ಅದೆ" ಅಂದಳು. ಆಮೇಲೆ ತಾನೇ, "ಆಗ್ಲಿ ಬುಡು" ಅಂದಳು.

ಇಡೀ ವಾರ ಇತ್ತು, ನಿಜ. ಸೋಮವಾರ ತರಬೇತಿ ಮುಗಿಯುವಷ್ಟರಲ್ಲಿ ತಲೆ ನೋಯುತ್ತಿತ್ತು. ಮಂಗಳವಾರ ಮಳೆ. ಬುಧವಾರ ಏನೋ ಒಂದು ವರದಿ ಬರೆಯಬೇಕಿತ್ತು. ದಿನವೂ ಸಂಜೆ ನಾನು ಬಾಗಿಲು ತೆರೆದಾಗ ಅವಳು ಕಿಟಕಿಯಿಂದ ತಿರುಗಿ ನನ್ನ ಮುಖ ನೋಡುತ್ತಿದ್ದಳು, ನೋಡಿ ತಿಳಿದುಕೊಂಡು ಮುದ್ದೆಗೆ ಎಸರಿಡಲು ಹೋಗುತ್ತಿದ್ದಳು. ರಾಗಿ ಹಿಟ್ಟನ್ನು ಚಾಮರಾಜನಗರದಿಂದಲೇ ತಂದಿದ್ದಳು. ಸುತ್ತಲಿನ ನಾಲ್ಕು ಮನೆಯಿಂದ ಮೀನಿನ ವಾಸನೆ ಬರುತ್ತಿದ್ದರೆ ಹಣೆಗೆ ಇನ್ನೊಂದು ಪಟ್ಟೆ ವಿಭೂತಿ ಹೆಚ್ಚಾಗಿ ಬಳಿದುಕೊಂಡು ಒಲೆ ಹಚ್ಚುತ್ತಿದ್ದಳು. ಊಟಕ್ಕೆ ಕೂತಾಗ ನನಗೆ ಅಂದಿನ ವರದಿ ಸಿಗುತ್ತಿತ್ತು. "ಇವತ್ತು ಭಾರ ಜಾಸ್ತಿ ಕಣಮ್ಮಿ. ಮಧ್ಯಾಹ್ನ ಒಂದು ಗಳಿಗೇನೂ ಬುಡುವು ಕೊಡ್ನಿಲ್ಲ ಜನ." ಯಾರೋ ಹತ್ತಿರದ ನೆಂಟರ ಮನೆಯ ಕಷ್ಟ ಹೇಳುವ ಹಾಗೆ ಹೇಳುತ್ತಿದ್ದಳು.

ಗುರುವಾರ ಒಂದು ಘಟನೆ ನಡೆಯಿತು. ಕೆಳಗಿನ ಮನೆಯ ಬಂಗಾಳಿ ಹೆಂಗಸು, ಎಲ್ಲರೂ ದೀದಿ ಅನ್ನುತ್ತಿದ್ದರು, ಅತ್ತೆಯನ್ನು ಸೇತುವೆಯ ಬುಡದಲ್ಲಿರುವ ಹೂವಿನ ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಇವಳಿಗೆ ಬಂಗಾಳಿ ಬಾರದು, ಅವಳಿಗೆ ಕನ್ನಡ ಬಾರದು, ಆದರೂ ಹೊರಟರು. ಅಲ್ಲಿ ಬೆಟ್ಟದಂತೆ ರಾಶಿ ಬಿದ್ದ ಚೆಂಡುಹೂವನ್ನು ಕಂಡ ಅತ್ತೆ ಒಂದು ಹೂ ಎತ್ತಿ, ಎಸಳು ಬಿಡಿಸಿ, ಮೂಸಿ, "ನಮ್ ಗುಂಡ್ಲುಪೇಟೆ ಹೂವಿನ್ ಮುಂದೆ ಇದೇನು ಮಹಾ!" ಅಂದಳಂತೆ. ಮಾರುವವನು ಹೊಗಳಿಕೆ ಅಂದುಕೊಂಡು ಒಂದು ಮಾರು ಹಾರವನ್ನು ಬಿಟ್ಟಿ ಕೊಟ್ಟು ಕಳಿಸಿದ!

ಬರುವಾಗ ಅಲ್ಲೇ ಒಬ್ಬ ಪಾನು ಅಗಿಯುತ್ತಾ ಸೇತುವೆಯ ಕಬ್ಬಿಣಕ್ಕೆ ಪಿಚಕ್ಕೆಂದು ಉಗಿದ. ಮುಗಿಯಿತು. "ಥೂ ನಿನ್ನ! ಭಾರ ಒತ್ಕಂಡಿರದ್ರ ಮೇಲೇ ಉಗೀತೀಯಲ್ಲೋ, ನಿಮ್ಮವ್ವ ಒತ್ತಿದ್ದಾಗ್ಲೂ ಇಂಗೇ ಉಗಿದಿದ್ಯೇನ್ಲಾ?" ಅಂತ ಅತ್ತೆ ಅಚ್ಚ ಭೀಮನಬೀಡಿನ ಕನ್ನಡದಲ್ಲಿ ಬಿಡಿಸಿಟ್ಟಳು. ಅವನಿಗೆ ಒಂದು ಶಬ್ದವೂ ಅರ್ಥವಾಗಲಿಲ್ಲ, ವಿಷಯ ಪೂರ್ತಿ ಅರ್ಥವಾಯಿತು. ಹೆಗಲ ಮೇಲಿನ ಟವೆಲಿನಲ್ಲಿ ಕಬ್ಬಿಣ ಒರೆಸಿದನಂತೆ. ಇದನ್ನು ದೀದಿ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಕೈಬಾಯಿ ಸನ್ನೆಯಲ್ಲಿ ಅಭಿನಯಿಸಿ ತೋರಿಸಿದಳು. ಬಿದ್ದು ಬಿದ್ದು ನಕ್ಕೆ.

ಒಳಗೆ ಬಂದು, ಬೈದ ಮಾತನ್ನು ಅತ್ತೆಯ ಬಾಯಿಂದಲೇ ತಿಳಿದುಕೊಂಡು, ಕೇಳಿದೆ. "ಅಷ್ಟು ಹತ್ತಿರ ಹೋಗಿದ್ದೆಯಲ್ಲ, ನಡೆದುಕೊಂಡು ಹೋಗಿಬರಬಹುದಿತ್ತಲ್ಲ ಅತ್ತೆ? ಆ ತುದಿಗೆ ಕಾಲು ಗಂಟೆಯೂ ಬೇಡ."

ಅವಳಿಗೆ ಆಶ್ಚರ್ಯವಾಯಿತು. "ನಿನ್ ಬುಟ್ಟು ಎಂಗಮ್ಮಿ ಓಗ್ಲಿ? ಇಬ್ರೂ ದಾಟನ ಅಂತ ಅಲ್ವಾ ಮಾತಾಗಿದ್ದು? ನೀನು ಊಂ ಅಂದಿದ್ದೆ."

ಆರನೇ ತರಗತಿಯ ಹೂಂ! ಅದನ್ನು ಅವಳು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದಳು. ನನಗೆ ನಾಚಿಕೆಯಾಯಿತು. "ಶನಿವಾರ ಸಂಜೆ ಖಂಡಿತ" ಅಂತ ಮಾತು ಕೊಟ್ಟೆ.

ಶನಿವಾರ ತರಬೇತಿ ಬೇಗ ಮುಗಿಯಿತು. ಜೊತೆಯವರು ಸೀರೆ ತೆಗೆಯಲು ಹೊರಟರು, ಒಂದೇ ಗಂಟೆ ಬಾ ಅಂದರು. ಹೋದೆ. ಬಂಗಾಳದ ಕಾಟನ್ ಸೀರೆ ನೋಡುತ್ತಾ ಒಂದು ಗಂಟೆ ಮೂರಾಯಿತು. ಕತ್ತಲಾದ ಮೇಲೆ ಬಂದು ಬಾಗಿಲು ತೆರೆದರೆ, ಅತ್ತೆ ಮದುವೆ ಮನೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಚಪ್ಪಲಿಯನ್ನು ಬಾಗಿಲ ಪಕ್ಕ ಜೋಡಿಸಿಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹೂವಿನವನು ಕೊಟ್ಟ ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಸೇತುವೆಗೆ ಕಟ್ಟಲು.

ನಾನು ಏನು ಹೇಳಿದೆ ಗೊತ್ತೇ? "ನಿನಗೂ ಒಂದು ಸೀರೆ ತಂದಿದ್ದೀನಿ" ಅಂದೆ.

"ಚೆಂದಾಗದೆ" ಅಂದಳು, ಸೀರೆಯನ್ನು ನೋಡದೆಯೇ. "ನಾಳಿಕ್ ಬೆಳಿಗ್ಗೆ ಓಗನ. ರೈಲಿಗೆ ಮುಂಚೆ."

"ಹೂಂ" ಅಂದೆ.

ಭಾನುವಾರ ಎಚ್ಚರವಾದಾಗ ಎಂಟು ಗಂಟೆ. ಅತ್ತೆ ಆಗಲೇ ಅದೇ ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದಳು. ನಾನು ನಿದ್ದೆಗಣ್ಣಿನಲ್ಲಿ ಮೊಬೈಲು ನೋಡಿದೆ. ರೈಲು ಒಂಬತ್ತೂವರೆಗೆ! ಸಾಮಾನು ತುರುಕಿ, ಟ್ಯಾಕ್ಸಿ ಕರೆದು, ಅತ್ತೆಯನ್ನು ಹೆಚ್ಚೂಕಡಿಮೆ ದಬ್ಬಿ ಒಳಗೆ ಕೂರಿಸಿದೆ. ಸ್ಟೇಷನ್ನು ಇರುವುದು ನದಿಯಾಚೆ, ಸೇತುವೆ ದಾಟಿದ ಕೂಡಲೇ. ಟ್ಯಾಕ್ಸಿ ಸೇತುವೆಯ ಬಾಯಿಗೆ ಬಂತು.

"ನಿಲ್ಸು ಅನ್ನಮ್ಮಿ ಅವ್ನಿಗೆ."

"ಇಲ್ಲಿ ನಿಲ್ಲಿಸೋ ಹಾಗಿಲ್ಲ ಅತ್ತೆ. ಹೊತ್ತಾಗಿದೆ."

"ನಾನೊಬ್ಳೇ ಇಳ್ದು ಬಿರ್‌ಬಿರ್ನೆ ನಡ್ಕಂಡ್ ಬತ್ತೀನಿ. ನೀನು ಆ ತುದೀಲಿ ನಿಂತಿರು." ಅವಳ ಕೈ ಬಾಗಿಲ ಹಿಡಿಯ ಮೇಲಿತ್ತು.

ನಾನು ಆ ಕೈಯನ್ನು ಹಿಡಿದು ಎಳೆದೆ. ಎಳೆದೆ ಅನ್ನುವುದು ಮೆತ್ತಗಿನ ಮಾತು. "ಸುಮ್ಮನೆ ಕೂತ್ಕೋ ಅತ್ತೆ! ಎಲ್ಲಿ ಹೋದ್ರೂ ಇದೇ ಹುಚ್ಚು! ಹೊತ್ತಾಗತ್ತೆ, ಜನ ನಗ್ತಾರೆ!"

ಆ ಟ್ಯಾಕ್ಸಿಯಲ್ಲಿ ನಗುವ ಜನ ಯಾರಿದ್ದರು? ನಾನು, ಅವಳು, ಕನ್ನಡ ತಿಳಿಯದ ಡ್ರೈವರು. ಹೈಸ್ಕೂಲಿನ ಬಸ್ಸಿನ ಕಿಟಕಿಯಲ್ಲಿದ್ದ ಹುಡುಗಿಯರ ಮೇಲಿನ ಸಿಟ್ಟನ್ನು ಇಪ್ಪತ್ತು ವರ್ಷದ ಮೇಲೆ ಅವಳ ಮೇಲೆ ತೀರಿಸಿಕೊಂಡೆ.

ಅತ್ತೆ ಬಾಗಿಲಿನಿಂದ ಕೈ ತೆಗೆದಳು. ವಿಮಾನದಲ್ಲಿ ಮಾಡಿದ ಹಾಗೆ ಮೈ ಎತ್ತಿ ಹಿಡಿಯುತ್ತಾಳೇನೋ ಅಂತ ಓರೆಗಣ್ಣಿನಲ್ಲಿ ನೋಡಿದೆ. ಇಲ್ಲ. ಎರಡೂ ಕೈಯನ್ನು ಮಡಿಲ ಮೇಲಿಟ್ಟು, ಸೀಟಿಗೆ ಬೆನ್ನು ಕೊಟ್ಟು, ಪೂರ್ತಿ ಕೂತಿದ್ದಳು. ಹೂವಿನ ಹಾರ ಅವಳ ಮಡಿಲಲ್ಲೇ ಸೇತುವೆ ದಾಟಿತು.

ಸ್ಟೇಷನ್ನಿನಲ್ಲಿ ಎದ್ದು ಬಿದ್ದು ಓಡಿ ಬೋರ್ಡು ನೋಡಿದರೆ ನಮ್ಮ ರೈಲಿನ ಸುಳಿವೇ ಇಲ್ಲ. ಟಿಕೆಟನ್ನು ಮತ್ತೆ ತೆಗೆದು ನೋಡಿದೆ. ಒಂಬತ್ತೂವರೆ ಅನ್ನುವುದು ರೈಲು ನಮ್ಮ ಕಡೆ ತಲುಪುವ ಹೊತ್ತು! ಹೊರಡುವುದು ಮಧ್ಯಾಹ್ನ ಒಂದೂವರೆಗೆ. ದಿನಬೆಳಗಾದರೆ ಜನರ ಅರ್ಜಿಯಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವ ಬ್ಯಾಂಕ್ ಅಧಿಕಾರಿ ನಾನು!

ನಾಲ್ಕು ಗಂಟೆಯಿತ್ತು. ಸಾಮಾನು ಇಡುವ ಕೋಣೆ ಎದುರಿಗೇ ಇತ್ತು. ಹೊರಗೆ ಬಂದರೆ ಸೇತುವೆ. "ಬಾ ಅತ್ತೆ, ಟೈಮಿದೆ, ನಡೆಯೋಣ" ಅನ್ನಬೇಕಾಗಿತ್ತು. ಆದರೆ ಹಾಗನ್ನಬೇಕಾದರೆ ಮೊದಲು ತಪ್ಪು ನನ್ನದು ಅನ್ನಬೇಕಲ್ಲ! "ರೈಲು ತಡವಂತೆ" ಅಂತ ಸುಳ್ಳು ಹೇಳಿ ಮೊಬೈಲು ಹಿಡಿದು ಕೂತೆ. ನಾಲ್ಕು ಗಂಟೆಯೂ ಕೂತೆ. ಅವಳು ಒಂದು ಸಲವೂ ಕೇಳಲಿಲ್ಲ. ಹೊರಡುವ ಮುಂಚೆ ಹಾರವನ್ನು ಎದುರಿಗೆ ಕೂತಿದ್ದ ಪೋರ್ಟರಿಗೆ ಕೊಟ್ಟಳು. ಅವನು ಕೆಂಪು ರುಮಾಲಿನ ಮೇಲೆ ಸುತ್ತಿಕೊಂಡ.

ಊರಿಗೆ ಬಂದ ಮೇಲೆ ಎಲ್ಲ ಎಂದಿನಂತೆಯೇ ಇತ್ತು. ಅತ್ತೆ ಮುನಿಸಿಕೊಳ್ಳುವ ಪೈಕಿ ಅಲ್ಲ. ಎರಡು ತಿಂಗಳ ಮೇಲೆ ಒಂದು ದಿನ ಬಸ್ಸಿನಲ್ಲಿ ಹಳೆಯ ಕಂಡಕ್ಟರು ಸಿಕ್ಕಿ, "ಏನ್ ಮೇಡಂ, ನಿಮ್ಮತ್ತೆ ಇಳಿಯಾದೇ ಬುಟ್ಬುಟ್ರಲ್ಲ? 'ಬಂತು' ಅಂತ ನಾನೇ ಕೂಗ್ತೀನಿ, ಬ್ಯಾಡ ಓಗಪ್ಪ ಅಂತಾರೆ. ಉಷಾರಿಲ್ವಾ?" ಅಂದ.

ಮನೆಯವರಿಗೆಲ್ಲ ಖುಷಿ. ಅಂತೂ ಬುದ್ಧಿ ಬಂತು ಅಂದರು. ಕಲ್ಕತ್ತಕ್ಕೆ ಕರೆದುಕೊಂಡು ಹೋಗಿ ವಾಸಿ ಮಾಡಿಕೊಂಡು ಬಂದೆಯಲ್ಲ, ಭಲೆ ಅಂದರು! ನನಗೆ ಅನ್ನ ಸೇರಲಿಲ್ಲ. ಯಾರೂ ಮಾಡಲಾಗದ್ದನ್ನು, ಅರವತ್ತು ಜನ ಕೂಡಿ ನಕ್ಕರೂ ಆಗದ್ದನ್ನು, ನಾನು ಒಂದು ಮಾತಿನಲ್ಲಿ ಮಾಡಿ ಮುಗಿಸಿದ್ದೆ.

ಕಳೆದ ತಿಂಗಳು ಭೀಮನಬೀಡಿನಿಂದ ಇಬ್ಬರೂ ವಾಪಸು ಬರುತ್ತಿದ್ದೆವು. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದೆವು. ಅದೇ ಕಂಡಕ್ಟರು. ಎರಡು ಸೇತುವೆ ದಾಟಿದೆವು. ಮೂರನೆಯದು ಹತ್ತಿರವಾದಾಗ ನಾನೇ ಎದ್ದು ಬಸ್ಸು ನಿಲ್ಲಿಸಿದೆ.

"ಬಾ ಅತ್ತೆ, ಇಳಿಯೋಣ."

ಅವಳು ನನ್ನನ್ನು ನೋಡಿದಳು. ಕೊಂಕಿಲ್ಲ, ಕೋಪವಿಲ್ಲ. ಸಣ್ಣವರಿಗೆ ಬುದ್ಧಿ ಹೇಳುವ ಹಾಗೆ ಮೆಲ್ಲಗೆ ಅಂದಳು. "ಬ್ಯಾಡ ಕಣಮ್ಮಿ. ಒತ್ತಾಯ್ತದೆ. ಜನ ನಗ್ತಾರೆ."

ನನ್ನದೇ ಮಾತು. ಅವಳು ಅದನ್ನು ಬುದ್ಧಿಮಾತು ಅಂತ ಕಲಿತಿದ್ದಳು.

ನಾನೊಬ್ಬಳೇ ಇಳಿದೆ. ಬಸ್ಸಿನಲ್ಲಿ ಯಾರೋ ನಕ್ಕರು, ನಗಲಿ. ಸೇತುವೆಯ ಮೇಲೆ ನಡೆಯುತ್ತಿದ್ದಾಗ ಬಸ್ಸು ನಿಧಾನವಾಗಿ ನನ್ನ ಪಕ್ಕದಲ್ಲೇ ಹಾದುಹೋಯಿತು. ತಲೆಯೆತ್ತಿ ಕಿಟಕಿ ನೋಡಿದೆ. ಅತ್ತೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಸೀಟಿನಿಂದ ಅರ್ಧ ಮೇಲೆದ್ದು ನಿಂತಿದ್ದಳು. ತೋಳು ನಡುಗುತ್ತಿತ್ತು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ.

ಅಂದರೆ ಬಿಟ್ಟಿರಲಿಲ್ಲ. ಇಷ್ಟು ದಿನವೂ ನನಗೆ ಕಾಣದ ಹಾಗೆ, ನನಗೆ ಅವಮಾನವಾಗದ ಹಾಗೆ ಮಾಡಿಕೊಂಡು ಬಂದಿದ್ದಳು. ಪಕ್ಕದಲ್ಲೇ ಕೂತು ಮೊಬೈಲು ನೋಡುತ್ತಿದ್ದ ನಾನು ಅದನ್ನು ಕಂಡಿರಲಿಲ್ಲ.

ಆಚೆ ದಡದಲ್ಲಿ ಬಸ್ಸು ಹತ್ತಿದಾಗ ಅವಳು ಏನೂ ಆಗದವಳಂತೆ ಕೂತಿದ್ದಳು. "ಬಿಸ್ಲು, ಕೂತ್ಕ ಬಾ" ಅಂತ ಸರಿದು ಜಾಗ ಕೊಟ್ಟಳು. ಅವಳ ಕೈ ಹಿಡಿದುಕೊಂಡೆ. ಕಂಬಿಯ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು.

"ಅತ್ತೆ, ಅವತ್ತು ರೈಲು ತಡ ಆಗಿರಲಿಲ್ಲ. ನಾನೇ ಟೈಮು ತಪ್ಪು ನೋಡಿದ್ದೆ."

"ಗೊತ್ತು ಬುಡು" ಅಂದಳು.

"ಇನ್ನೊಂದು ಸಲ ಹೋಗೋಣ. ನಡೆದೇ ದಾಟೋಣ. ಇಬ್ಬರೂ."

ಅವಳು ಸೀರೆಯ ಮೇಲಿಂದ ಮಂಡಿಯನ್ನು ನೀವಿಕೊಂಡಳು. ದೂರ ನಡೆಯಬಾರದು ಅಂತ ಡಾಕ್ಟರು ಹೇಳಿ ಆಗಲೇ ಆರು ತಿಂಗಳಾಗಿದೆ. ನನ್ನ ಮುಖ ನೋಡಿ, ನನ್ನ ಸಮಾಧಾನಕ್ಕೆ, "ಊಂ" ಅಂದಳು.

ಚಾಮರಾಜನಗರಕ್ಕೆ ಇನ್ನೂ ನಾಲ್ಕು ಇಳಿಯುವುದಿತ್ತು. ಪ್ರತಿ ಸಲವೂ ಕಂಡಕ್ಟರು "ಬಂತು" ಅಂತ ಕೂಗಿದ. ನಾಲ್ಕಕ್ಕೂ ನಾನೊಬ್ಬಳೇ ಇಳಿದೆ.